ಹಾಡೋಕೆ ಬಾಯಿ ಬರದ ಭಾನುವಾರಗಳು

ಪ್ರಶ್ನೆ: ನನಗೆ 41 ವರ್ಷ. ನನ್ನ ಗಂಡ ಎರಡು ವರ್ಷದ ಹಿಂದೆ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಮೂರು ವರ್ಷ ಡಯಾಲಿಸಿಸ್ ಮಾಡಿಸಿದೆವು. ಉಪವಾಸ ಪ್ರಾರ್ಥನೆ, ಇಡೀ ರಾತ್ರಿ ಪ್ರಾರ್ಥನೆ, ಎಲ್ಲ ಮಾಡಿದೆವು. ಅವರು ಹೋದ ಮೇಲೆ ಸಭೆಯ ಹಿರಿಯರೊಬ್ಬರು ಮನೆಗೆ ಬಂದು "ಎಲ್ಲೋ ವಿಶ್ವಾಸ ಕಡಿಮೆಯಾಯಿತು ಸಿಸ್ಟರ್" ಅಂದರು. ಈಗ ಗಂಡನ ಅಣ್ಣ ನಾವಿರುವ ಮನೆ ಬಿಟ್ಟುಕೊಡಿ ಅನ್ನುತ್ತಿದ್ದಾರೆ. ಮನೆ ನನ್ನ ಗಂಡನ ಹೆಸರಿನಲ್ಲಿದೆ. "ಕ್ರೈಸ್ತರು ಕೋರ್ಟಿಗೆ ಹೋಗಬಾರದು" ಅಂತ ಬೇರೆ ಹೇಳುತ್ತಾರೆ. ನಾನು ಆರಾಧನೆಗೆ ಹೋಗುತ್ತೇನೆ, ಆದರೆ ಹಾಡೋಕೆ ಬಾಯಿ ಬರಲ್ಲ. ಬೇರೆಯವರು ಎದ್ದು ದೇವರು ತಮಗೆ ಮಾಡಿದ ಉಪಕಾರದ ಸಾಕ್ಷಿ ಹೇಳಿದರೆ ಮೈ ಉರಿಯುತ್ತದೆ. 11 ವರ್ಷದ ಮಗ "ನಾವು ಅಷ್ಟು ಪ್ರಾರ್ಥನೆ ಮಾಡಿದ್ವಲ್ಲ, ಯೇಸು ಯಾಕೆ ಕೇಳಲಿಲ್ಲ?" ಅಂತಾನೆ. ದೇವರ ಮೇಲೆ ಸಿಟ್ಟು ಇಟ್ಟುಕೊಳ್ಳೋದು ಪಾಪವೇ? ಕಹಿಯಾಗದೆ ವಿಶ್ವಾಸ ಉಳಿಸಿಕೊಳ್ಳೋದು ಹೇಗೆ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬೇರೆ ಏನು ಹೇಳುವ ಮುಂಚೆಯೂ ಆ ಹಿರಿಯರ ಮಾತನ್ನು ನಿಮ್ಮ ತಲೆಯಿಂದ ತೆಗೆಯಬೇಕು ಅನ್ನಿಸಿತು. ಅದು ತಪ್ಪು ಮಾತು. ನಿಮ್ಮ ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ, ಸತ್ಯವೇದದ ಪ್ರಕಾರವೇ ತಪ್ಪು.

ಪೌಲನನ್ನು ನೋಡಿ. ಎಫೆಸದಲ್ಲಿ ಅವನ ಮೈಮೇಲಿನ ಕೈವಸ್ತ್ರ ತಂದು ರೋಗಿಗಳ ಮೇಲೆ ಹಾಕಿದರೂ ವಾಸಿಯಾಗುತ್ತಿತ್ತು ಅಂತ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದಲ್ಲಿದೆ. ಅದೇ ಎಫೆಸದವನು ತ್ರೊಫಿಮ, ಪೌಲನ ಜೊತೆಗಾರ. ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ ಒಂದೇ ಸಾಲಿನಲ್ಲಿ ಅವನ ಸುದ್ದಿ ಹೇಳುತ್ತಾನೆ: ತ್ರೊಫಿಮನಿಗೆ ಹುಷಾರಿರಲಿಲ್ಲ, ಮಿಲೇತದಲ್ಲೇ ಬಿಟ್ಟು ಬಂದೆ. ಅಷ್ಟೇ. ಅವನ ವಿಶ್ವಾಸ ಸಾಲಲಿಲ್ಲ ಅಂತಿಲ್ಲ. ನನ್ನ ಪ್ರಾರ್ಥನೆ ಸಾಲಲಿಲ್ಲ ಅಂತಲೂ ಇಲ್ಲ. ತನ್ನ ಶರೀರದ ಮುಳ್ಳನ್ನು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ಪೌಲನ ವಿಶ್ವಾಸ ಅಳೆಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಇನ್ನು ಕಪೆರ್ನೌಮಿನಲ್ಲಿ ಮಾಳಿಗೆ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿ. ಮಾರ್ಕನ ಎರಡನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಯೇಸುಸ್ವಾಮಿ ಯಾರ ನಂಬಿಕೆ ನೋಡಿದರು ಅಂತಿದೆ? "ಅವರ" ನಂಬಿಕೆ. ಹೊತ್ತು ತಂದವರದು. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡಿದ ದಾಖಲೆ ಇಲ್ಲ. ಮಲಗಿದವನ ವಿಶ್ವಾಸವನ್ನು ಅಳೆದು ನೋಡುವ ಕೆಲಸ ಯೇಸು ಮಾಡಲಿಲ್ಲ. ನಿಮ್ಮ ಗಂಡನನ್ನು ನೀವು ಮೂರು ವರ್ಷ ಹೊತ್ತಿರಿ. ಆ ಹೊರೆಗೆ ಯಾರೂ ಹೀಗೆ ಬೆಲೆ ಕಟ್ಟಬಾರದಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಸಿಟ್ಟು ಬೇರೆ, ಕಹಿ ಬೇರೆ. ಸಭಾಪಾಲಕನಾಗಿ 26 ವರ್ಷ ಸಾವಿನ ಮನೆಗಳಲ್ಲಿ ಕೂತು ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ದೇವರ ಮುಖಕ್ಕೆ ಹೇಳಿದ ಸಿಟ್ಟು ಪ್ರಾರ್ಥನೆಯೇ. ದೇವರಿಗೆ ಹೇಳದೆ ಒಳಗಿಟ್ಟುಕೊಂಡದ್ದು ನಿಧಾನವಾಗಿ ಕಹಿಯಾಗುತ್ತದೆ. ಇದನ್ನು ನಾನು ಮೊದಲು ಕಲಿತದ್ದು ಪುಸ್ತಕದಲ್ಲಲ್ಲ, ನಮ್ಮ ಮನೆಯಲ್ಲಿ.

ನನ್ನ ತಮ್ಮ 17ನೇ ವಯಸ್ಸಿನಲ್ಲಿ ಕೆರೆಗೆ ಈಜಲು ಹೋಗಿ ತೀರಿಕೊಂಡ. ಕ್ರಿಸ್ಮಸ್ ರಜೆ. ಮನೆ ಬಾಗಿಲಿಗೆ ಕಟ್ಟಿದ್ದ ಕಾಗದದ ನಕ್ಷತ್ರವನ್ನು ಅವನೇ ಮಾಡಿದ್ದು. ಅದನ್ನು ಬಿಚ್ಚೋಕೆ ಯಾರಿಗೂ ಕೈ ಬರಲಿಲ್ಲ. ಮಾರ್ಚ್‌ವರೆಗೂ ಅದು ಅಲ್ಲೇ ಬಣ್ಣ ಬಿಟ್ಟುಕೊಂಡು ತೂಗುತ್ತಿತ್ತು.

ಅಪ್ಪ "ದೇವರ ಚಿತ್ತ" ಅಂದರು. ಬಂದವರಿಗೆಲ್ಲ ಅದೇ ಮಾತು. ಅಳಲಿಲ್ಲ. ಎಲ್ಲರೂ ಎಂಥ ವಿಶ್ವಾಸ ಅಂತ ಹೊಗಳಿದರು. ಅಮ್ಮ ಮಾತ್ರ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನಿಂತು ದೇವರನ್ನು ಬೈಯುತ್ತಿದ್ದಳು. ಬಟ್ಟೆ ಎತ್ತಿ ಬಡಿಯುವುದು, ಒಂದು ಮಾತು. ಮತ್ತೆ ಬಡಿಯುವುದು, ಇನ್ನೊಂದು ಮಾತು. ಒಂದು ದಿನ ನನ್ನ ಕಿವಿಗೆ ಬಿದ್ದದ್ದು ಇದು: "ನಿನಗೂ ಒಬ್ಬ ಮಗ ಇದ್ದ. ಅವನೂ ಸತ್ತ. ನಿನಗಾದರೂ ಗೊತ್ತಾಗಬೇಕಿತ್ತು." ನಾನು ಆಗ ದೇವಶಾಸ್ತ್ರ ಓದೋಕೆ ಸೇರಬೇಕು ಅಂತಿದ್ದ ಹುಡುಗ. ಓಡಿಹೋಗಿ "ಅಮ್ಮಾ, ಹಾಗನ್ನಬಾರದು" ಅಂದೆ. ಅವಳು ತಿರುಗಿ ನೋಡಿ "ನಿನ್ನ ಹತ್ತಿರ ಮಾತಾಡ್ತಿಲ್ಲ" ಅಂದಳು.

ಆ ಮಾತಿನ ತೂಕ ನನಗೆ ತಿಳಿಯೋಕೆ ವರ್ಷಗಳೇ ಬೇಕಾದವು. ಅಮ್ಮ ದೇವರ ಹತ್ತಿರ ಮಾತು ಬಿಟ್ಟಿರಲಿಲ್ಲ. ಬೈಯುತ್ತಿದ್ದಳು ನಿಜ, ಆದರೆ ಎದುರಿಗೆ ಯಾರೋ ಇದ್ದಾರೆ, ಕೇಳುತ್ತಿದ್ದಾರೆ, ಉತ್ತರ ಕೊಡಬೇಕು ಅನ್ನುವ ನಂಬಿಕೆ ಇದ್ದವಳು ಮಾತ್ರ ಹಾಗೆ ಬೈಯಲು ಸಾಧ್ಯ. ಅಪ್ಪನಿಗೆ ಆ ಮಾತೇ ನಿಂತುಹೋಗಿತ್ತು. ಆರೇಳು ವರ್ಷ ಕಳೆದ ಮೇಲೆ ಸಭೆಗೆ ಬರುವುದನ್ನು ಬಿಟ್ಟರು. ಜಗಳ ಇಲ್ಲ, ಕಾರಣ ಇಲ್ಲ. ಬೇರೆಯವರ ಮಕ್ಕಳ ಮದುವೆ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಗಂಡಸು ಅಳಬಾರದು, ವಿಶ್ವಾಸಿ ಪ್ರಶ್ನೆ ಕೇಳಬಾರದು ಅಂತ ಕಲಿಸಿದವರು ನಾವೇ, ಸಭೆಯವರು. ಅವರಿಗೊಂದು ಒಗೆಯೋ ಕಲ್ಲು ಸಿಗಲಿಲ್ಲ.

ಸತ್ಯವೇದ ಈ ವಿಷಯದಲ್ಲಿ ನಮಗಿಂತ ಎಷ್ಟೋ ಧಾರಾಳ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ಇವತ್ತು ರಾತ್ರಿಯೇ ಓದಬಹುದು. ಆದರೆ ರೂತಳ ಕಥೆಯಾಗಿ ಓದಬೇಡಿ. ಅತ್ತೆ ನೊವೊಮಿಯ ಕಥೆಯಾಗಿ ಓದಿ. ಬರ ಬಂದು ಊರು ಬಿಟ್ಟವಳು. ಮೋವಾಬಿನಲ್ಲಿ ಗಂಡ ಹೋದ. ಆಮೇಲೆ ಇಬ್ಬರು ಗಂಡುಮಕ್ಕಳೂ ಹೋದರು. ಬೇತ್ಲೆಹೇಮಿಗೆ ವಾಪಸ್ ಬಂದಾಗ ಊರಿನ ಹೆಂಗಸರು "ಇವಳು ನೊವೊಮಿ ಅಲ್ವಾ?" ಅಂತ ಕೇಳುತ್ತಾರೆ. ಆ ಹೆಸರಿಗೆ ಹಿತವಾದವಳು ಅನ್ನುವ ಅರ್ಥ. ಅವಳು ಹೇಳುತ್ತಾಳೆ: ಹಾಗೆ ಕರೆಯಬೇಡಿ, ಮಾರಾ ಅಂತ ಕರೆಯಿರಿ. ಮಾರಾ ಅಂದರೆ ಕಹಿ. ತುಂಬಿದವಳಾಗಿ ಹೋದೆ, ಯೆಹೋವನು ನನ್ನನ್ನು ಬರಿಗೈಯಲ್ಲಿ ಕರಕೊಂಡು ಬಂದ ಅನ್ನುತ್ತಾಳೆ. ನಡುಬೀದಿಯಲ್ಲಿ, ದೇವರ ಹೆಸರು ಹಿಡಿದು.

ಇಲ್ಲಿ ಎರಡು ಸಂಗತಿ ನೋಡಿ. ಒಂದು, ಅವಳನ್ನು ಯಾರೂ ಗದರಿಸುವುದಿಲ್ಲ. ಊರಿನವರೂ ಇಲ್ಲ, ಪುಸ್ತಕ ಬರೆದವನೂ ಇಲ್ಲ, ದೇವರೂ ಇಲ್ಲ. ಇನ್ನೊಂದು, ಮಾರಾ ಅಂತ ಕರೆಯಿರಿ ಅಂದರೂ ಪುಸ್ತಕ ಒಂದೇ ಒಂದು ಸಲ ಕೂಡ ಹಾಗೆ ಕರೆಯುವುದಿಲ್ಲ. ಕೊನೆಯವರೆಗೂ ಅವಳು ನೊವೊಮಿಯೇ. ಅವಳ ನೋವಿನ ಮಾತನ್ನು ಪೂರ್ತಿ ಬರೆದುಕೊಂಡರು, ಆ ನೋವನ್ನೇ ಅವಳ ಹೆಸರು ಮಾಡಲಿಲ್ಲ. ಕಹಿಯಾಗದೆ ಇರೋದು ಹೇಗೆ ಅಂತ ಕೇಳಿದ್ದೀರಲ್ಲ, ನಿಮಗೂ ನಾನು ಆ ಹೆಸರು ಇಡುವುದಿಲ್ಲ.

"ಬರಿಗೈಯಲ್ಲಿ ಬಂದೆ" ಅಂತ ನೊವೊಮಿ ಹೇಳುವಾಗ ರೂತಳು ಅವಳ ಪಕ್ಕದಲ್ಲೇ ನಿಂತಿದ್ದಾಳೆ. ಅವಳಿಗೆ ಕಾಣುತ್ತಿಲ್ಲ ಅಷ್ಟೇ. ದುಃಖದಲ್ಲಿ ಹಾಗಾಗುತ್ತದೆ, ಅದು ಪಾಪವಲ್ಲ. ರೂತಳು ಬೇಜಾರು ಮಾಡಿಕೊಂಡು ನಾನಿಲ್ವಾ ಅನ್ನಲಿಲ್ಲ. ಮಾರನೇ ದಿನವೋ ಏನೋ, ಹೊಲಕ್ಕೆ ಹೋಗಿ ತೆನೆ ಆಯ್ದಳು. ಮಧ್ಯಾಹ್ನ ತಾನು ತಿಂದು ಉಳಿಸಿದ ಹುರಿದ ಕಾಳನ್ನು ಸಂಜೆ ತಂದು ಅತ್ತೆಯ ಕೈಗಿಟ್ಟಳು. ಆ ಕಾಳು ನೋಡಿದ ಮೇಲೆಯೇ ನೊವೊಮಿಯ ಬಾಯಿಂದ ಮತ್ತೆ ಆಶೀರ್ವಾದದ ಮಾತು ಬರುವುದು. ಪ್ರಸಂಗ ಕೇಳಿ ಅಲ್ಲ, ಊಟ ನೋಡಿ. ಎಲೀಯನಿಗೂ ಹೀಗೇ ಆಯಿತು. ಸಾಯಬೇಕು ಅಂತ ಮರದ ಕೆಳಗೆ ಮಲಗಿದವನಿಗೆ ದೇವರ ದೂತ ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ, ಆಮೇಲೆ ಎಬ್ಬಿಸಿ ಎರಡನೇ ಸಲ ತಿನ್ನಿಸಿದ. ಪ್ರಶ್ನೆ ಕೇಳಿದ್ದು 40 ದಿನದ ದಾರಿ ಕಳೆದ ಮೇಲೆ.

ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ "ಕಹಿಯಾದ ಬೇರು" ನಿಮ್ಮನ್ನು ಹೆದರಿಸಿರಬೇಕು. ಆ ವಚನವನ್ನು ದುಃಖಪಡುವವರ ಮೇಲೆ ಎಸೆಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಮಾತಿನ ಮೂಲ ಧರ್ಮೋಪದೇಶಕಾಂಡ 29ರಲ್ಲಿದೆ. ಅಲ್ಲಿ ವಿಷದ ಬೇರು ಅಂದರೆ ಅಳುವವನಲ್ಲ. ಒಳಗೆ ದೇವರಿಂದ ಮುಖ ತಿರುಗಿಸಿಕೊಂಡು, ಹೊರಗೆ "ನನಗೇನಾಗಲ್ಲ, ನಾನು ಚೆನ್ನಾಗಿದ್ದೇನೆ" ಅಂತ ತನಗೆ ತಾನೇ ಹೇಳಿಕೊಳ್ಳುವವನು. ಬೇರು ಅಂತ ಕರೆದದ್ದು ಅದಕ್ಕೇ, ಅದು ಮಣ್ಣಿನ ಕೆಳಗಿರುತ್ತದೆ, ಕಾಣುವುದಿಲ್ಲ. ನೀವು ಬರೆದ ಪತ್ರದಲ್ಲಿ ಎಲ್ಲವೂ ಮಣ್ಣಿನ ಮೇಲಿದೆ.

ಅಡುಗೆಮನೆಯಲ್ಲಿ ಸೌತೆಕಾಯಿಯ ತೊಟ್ಟು ಕತ್ತರಿಸಿ, ಆ ತುಂಡಿನಿಂದಲೇ ಉಜ್ಜುತ್ತೀರಲ್ಲ? ಬಿಳಿ ನೊರೆ ಬರುತ್ತದೆ. ಉಜ್ಜಿದಷ್ಟೂ ಕಹಿ ಹೊರಗೆ ಬರುತ್ತದೆ ಅಂತ ನಮ್ಮ ಅಮ್ಮಂದಿರ ನಂಬಿಕೆ. ಕೀರ್ತನೆಗಳು ಮಾಡುವ ಕೆಲಸ ಅದೇ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಹಾಡುಗಳು. 13ನೇ ಕೀರ್ತನೆ ಮೊದಲ ಎರಡೇ ವಚನದಲ್ಲಿ ನಾಲ್ಕು ಸಲ "ಎಲ್ಲಿಯವರೆಗೆ?" ಅಂತ ಕೇಳುತ್ತದೆ. 88ನೇ ಕೀರ್ತನೆಯಲ್ಲಿ ಸ್ತೋತ್ರವೇ ಇಲ್ಲ, ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಇಂಥದ್ದನ್ನು ಆರಾಧನೆಯ ಪುಸ್ತಕದಲ್ಲಿ ಯಾಕೆ ಉಳಿಸಿದರು? ಯಾರಿಗೋ ಅದು ಬೇಕಾಗುತ್ತದೆ ಅಂತ ಗೊತ್ತಿತ್ತು. ನಮ್ಮ ಸಭೆಗಳಲ್ಲಿ ನಾವು ಅವನ್ನು ಹಾಡುವುದೇ ಇಲ್ಲ. ಬರೀ ಜಯ, ಜಯ, ಜಯ. ಅದು ನಮ್ಮ ದೊಡ್ಡ ಕೊರತೆ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಯೋಬನ ಗೆಳೆಯರ ಕಥೆ ನಿಮಗೆ ಗೊತ್ತು. ಮೊದಲ ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆಗೆದು ದೇವರ ಪರವಾಗಿ ವಾದ ಮಾಡಿದರು. ಯೋಬ ದೇವರ ವಿರುದ್ಧವೇ ಕೂಗಿದ. ಕೊನೆಯ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಕೋಪಗೊಂಡರು? ಗೆಳೆಯರ ಮೇಲೆ. ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅಂದರು. ನಿಮ್ಮ ಮನೆಗೆ ಬಂದ ಹಿರಿಯರು ಆ 42ನೇ ಅಧ್ಯಾಯ ಓದಿಕೊಂಡು ಬಂದಿದ್ದರೆ ಚೆನ್ನಾಗಿತ್ತು.

ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು ಕೂಡ ಒಂದು ಗೋಳಿನ ಕೀರ್ತನೆ, 22ನೆಯದು. ಯಾಕೆ ಕೈಬಿಟ್ಟೆ ಅಂತ ಕೇಳಿದರು. ಆ ಪ್ರಶ್ನೆಗೆ ಅಲ್ಲಿ, ಆ ಹೊತ್ತಿಗೆ, ಮೇಲಿನಿಂದ ಯಾವ ಉತ್ತರವೂ ಬರಲಿಲ್ಲ. ಆದರೂ ಅವರು "ನನ್ನ ದೇವರೇ, ನನ್ನ ದೇವರೇ" ಅಂತಲೇ ಕೂಗಿದರು. ಆ "ನನ್ನ" ಅನ್ನುವ ಒಂದು ಪದ ನಿಮ್ಮ ಬಾಯಲ್ಲಿ ಉಳಿದರೆ ಈ ವರ್ಷಕ್ಕೆ ಅಷ್ಟು ವಿಶ್ವಾಸ ಸಾಕು.

ಸರಿ, ದಿನದಿನದ ಬದುಕಿನಲ್ಲಿ ಏನು ಮಾಡೋದು?

ಬರೆಯಿರಿ. ಪ್ರಲಾಪಗಳು ಅನ್ನುವ ಪುಸ್ತಕ ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲೆ ಹುಟ್ಟಿದ ಐದು ಪದ್ಯ. ಅದರಲ್ಲಿ ನಾಲ್ಕು ಪದ್ಯಗಳು ಇಬ್ರಿಯ ಅಕ್ಷರಮಾಲೆಯ 22 ಅಕ್ಷರಗಳ ಸಾಲಿನಲ್ಲೇ ನಡೆಯುತ್ತವೆ. ನಾವು ಅ, ಆ, ಇ, ಈ ಅಂತ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರು ಮಾಡಿದ ಹಾಗೆ. ಮನಸ್ಸು ಚೂರುಚೂರಾದಾಗ ಹಿಡಿಯೋಕೆ ಒಂದು ಸರಳು ಬೇಕು, ಆ ಅಕ್ಷರಗಳು ಸರಳಿನ ಹಾಗಿವೆ. ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ದಿನಕ್ಕೊಂದು ಅಕ್ಷರ. ಅ ಅಂದರೆ ಅವರು ಕೊನೆಯ ದಿನ ಕೇಳಿದ ಅನ್ನವೋ, ಆ ಅಂದರೆ ಆಸ್ಪತ್ರೆಯ ಆ ಕಾರಿಡಾರೋ, ಏನು ಬರುತ್ತದೋ ಅದು. "ನೀನು" ಅಂತ ದೇವರಿಗೇ ಬರೆಯಿರಿ. ಒಳ್ಳೆಯ ಮಾತಿನಲ್ಲಿ ಮುಗಿಸಲೇಬೇಕು ಅಂತೇನಿಲ್ಲ. ಪ್ರಲಾಪಗಳ ಮೂರನೇ ಅಧ್ಯಾಯದಲ್ಲಿ ನಿರೀಕ್ಷೆಯ ಮಾತು ಬರುತ್ತದೆ ನಿಜ, ಆದರೆ ಅದರ ಮೇಲೂ ಕೆಳಗೂ ಕಣ್ಣೀರೇ ಇದೆ. ಪುಸ್ತಕ ಮುಗಿಯುವುದೂ ಪ್ರಶ್ನೆಯ ದನಿಯಲ್ಲೇ.

ಸಭೆಯಲ್ಲಿ ಹಾಡಬೇಡಿ. ಹೌದು, ಬಾಯಿ ಬರದಿದ್ದರೆ ಹಾಡಬೇಡಿ. ಆದರೆ ಹೋಗಿ ಕೂತುಕೊಳ್ಳಿ. ನನ್ನ ಅಮ್ಮ 14 ತಿಂಗಳು ಒಂದು ಹಾಡೂ ಹಾಡಲಿಲ್ಲ. ಅವಳ ಪಕ್ಕ ನಿವೃತ್ತ ನರ್ಸ್ ಒಬ್ಬರು ಕೂರುತ್ತಿದ್ದರು. ಖಾಕಿ ಕಾಗದದ ಬೈಂಡು ಹಾಕಿದ ಗೀತೆಗಳ ಪುಸ್ತಕ ಅವರದು. ಪ್ರತಿ ಭಾನುವಾರ ಅದನ್ನು ಇಬ್ಬರ ನಡುವೆ ಹಿಡಿದು, ಒಂದು ಅಂಚನ್ನು ಅಮ್ಮನ ಕೈಗೆ ಕೊಟ್ಟು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ತಾವೇ ಹಾಡುತ್ತಿದ್ದರು. ನೀನೂ ಹಾಡು ಅಂತ ಒಂದು ದಿನವೂ ಹೇಳಲಿಲ್ಲ. ಒಮ್ಮೆ ಮಾತ್ರ "ಇವತ್ತಿಗೆ ನಿನ್ನದೂ ಸೇರಿಸಿ ನಾನೇ ಹಾಡಿದೆ" ಅಂದರಂತೆ. ಹದಿನೈದನೇ ತಿಂಗಳಲ್ಲಿ ಒಂದು ಭಾನುವಾರ ಅಮ್ಮ ಕೊನೆಯ ಸಾಲಿನ ಎರಡು ಪದ ಹಾಡಿದಳು. ನರ್ಸಮ್ಮ ತಿರುಗಿ ನೋಡಲಿಲ್ಲ, ಬೆರಳು ಓಡಿಸುತ್ತಲೇ ಇದ್ದರು. ನಿಮ್ಮ ಸಭೆಯಲ್ಲೂ ಅಂಥ ಒಬ್ಬರು ಖಂಡಿತ ಇರುತ್ತಾರೆ. ಜಾಸ್ತಿ ಮಾತಾಡದವರನ್ನು ಹುಡುಕಿ. ಸಾಕ್ಷಿ ಹೇಳುವ ಹೊತ್ತು ತಡೆಯೋಕೆ ಆಗದಿದ್ದರೆ ಎದ್ದು ಹೊರಗೆ ಹೋಗಿ ನಿಂತು, ಮುಗಿದ ಮೇಲೆ ಒಳಗೆ ಬನ್ನಿ. ಯಾರಿಗೂ ಕಾರಣ ಹೇಳಬೇಕಿಲ್ಲ.

ಆ ಉರಿಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇನ್ನೊಬ್ಬರ ಗಂಡ ವಾಸಿಯಾಗಿ ಮನೆಗೆ ಬಂದ ಅಂತ ಕೇಳಿ ನೋವಾಗುವುದು ಸಹಜ. ಅವನು ವಾಸಿಯಾಗಬಾರದಿತ್ತು ಅನ್ನಿಸಲು ಶುರುವಾದರೆ, ಅದನ್ನೇ ದಿನವಿಡೀ ಮೆಲುಕು ಹಾಕುವ ಹಾಗಾದರೆ, ಆ ಮಾತನ್ನು ಅದೇ ದಿನ ದೇವರ ಮುಂದೆ ಇಡಿ. 73ನೇ ಕೀರ್ತನೆಯ ಆಸಾಫ ಹಾಗೇ ಮಾಡಿದ. ಬೇರೆಯವರ ಸುಖ ನೋಡಿ ಹೊಟ್ಟೆ ಉರಿಯಿತು, ನಾನು ಮೃಗದ ಹಾಗಿದ್ದೆ ಅಂತ ಬಾಯಿಬಿಟ್ಟು ಹೇಳಿದ. ಆ ಮೃಗದ ಸ್ಥಿತಿಯಲ್ಲೇ ದೇವರು ತನ್ನ ಬಲಗೈ ಹಿಡಿದಿದ್ದರು ಅಂತಲೂ ಹೇಳಿದ.

ನಿಮ್ಮ ಮೈಯನ್ನೂ ಗಮನಿಸಿ. ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೋದು ಬೇಡ ಅನ್ನಿಸುತ್ತದೆ ಅಂದರೆ ಅದು ಕಹಿಯೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯರಿದ್ದಾರೆ. ಮಾತ್ರೆ ತಗೊಂಡರೆ ದೇವರ ಮೇಲೆ ಭರವಸೆ ಇಲ್ಲ ಅಂತ ಅನ್ನುವವರ ಮಾತು ಕೇಳಬೇಡಿ. ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲನೇ ತಿಮೊಥೆಗೆ ಬರೆದಿದ್ದಾನೆ.

ಈಗ ಮನೆಯ ವಿಷಯ. ಇದನ್ನು ಬಿಟ್ಟು ಬರೀ ಆತ್ಮಿಕ ಮಾತಾಡಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ದಿನಾ ಆಗುತ್ತಿರುವ ಗಾಯ ಮಾಗುವುದು ಹೇಗೆ?

ಮೊದಲು ಕಾನೂನು ತಿಳಿದುಕೊಳ್ಳಿ. ನಮ್ಮ ದೇಶದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಗಂಡ ಉಯಿಲು ಬರೆಯದೆ ತೀರಿಕೊಂಡು, ಮಕ್ಕಳಿದ್ದರೆ, ಅವರ ಆಸ್ತಿಯಲ್ಲಿ ಮೂರನೇ ಒಂದು ಪಾಲು ಹೆಂಡತಿಗೆ, ಮೂರನೇ ಎರಡು ಪಾಲು ಮಕ್ಕಳಿಗೆ. ಅಣ್ಣನಿಗೆ ಅಲ್ಲಿ ಪಾಲಿಲ್ಲ. ನಿಮ್ಮ ಕಾಗದಪತ್ರ ನಾನು ನೋಡಿಲ್ಲ, ಸಾಲ ಇದೆಯೋ, ಉಯಿಲು ಇದೆಯೋ ವಕೀಲರೇ ನೋಡಬೇಕು. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

"ಕ್ರೈಸ್ತರು ಕೋರ್ಟಿಗೆ ಹೋಗಬಾರದು" ಅನ್ನುವವರು 1 ಕೊರಿಂಥ 6 ತೋರಿಸುತ್ತಾರೆ. ಅದನ್ನು ಎಂಟನೇ ವಚನದವರೆಗೂ ಓದಲು ಹೇಳಿ. ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಮಾಡುತ್ತೀರಿ ಅಂತ ಪೌಲ ಬೈಯುವುದು ಯಾರಿಗೆ? ವಿಧವೆಯ ಮನೆಗೆ ಕಣ್ಣು ಹಾಕುವವರಿಗೆ ಆ ವಚನ ಗುರಾಣಿಯಾಗುವುದಿಲ್ಲ. ಮೊದಲು ಸಭೆಯ ಇಬ್ಬರು ನಂಬಿಕಸ್ಥರನ್ನು ಕೂರಿಸಿ ಮಾತಾಡಿ, ಪೌಲ ಹೇಳುವ ದಾರಿ ಅದು. ಒಪ್ಪದಿದ್ದರೆ ಕಾನೂನಿಗೆ ಹೋಗಿ. ಫಿಲಿಪ್ಪಿಯಲ್ಲಿ ಅನ್ಯಾಯವಾಗಿ ಹೊಡೆದು ಜೈಲಿಗೆ ಹಾಕಿ, ಮಾರನೇ ದಿನ ಗುಟ್ಟಾಗಿ ಬಿಡಲು ನೋಡಿದಾಗ ಪೌಲ ಒಪ್ಪಲಿಲ್ಲ. ನಾವು ರೋಮಿನ ಪೌರರು, ಅಧಿಕಾರಿಗಳೇ ಬಂದು ಕರಕೊಂಡು ಹೋಗಲಿ ಅಂದ. ಲೂಕ 18ರಲ್ಲಿ ಯೇಸುಸ್ವಾಮಿ ಹೇಳಿದ ಸಾಮ್ಯದಲ್ಲಿ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದವಳು ಯಾರು? ಒಬ್ಬ ವಿಧವೆ. ಅವಳನ್ನು ತೋರಿಸಿ ಯೇಸು ಪ್ರಾರ್ಥನೆ ಕಲಿಸಿದರು.

ಹಾಗಾದರೆ ಕ್ಷಮೆ? ಪಾಲು ಕೇಳುವುದಕ್ಕೂ ಕ್ಷಮಿಸುವುದಕ್ಕೂ ಜಗಳವಿಲ್ಲ. ನಮ್ಮ ದೇಶದಲ್ಲೇ ನಡೆದದ್ದು ನೆನಪಿಸಿಕೊಳ್ಳಿ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ತನ್ನ ಇಬ್ಬರು ಗಂಡುಮಕ್ಕಳ ಜೊತೆ ಗಾಡಿಯಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿತು. ಫಿಲಿಪ್‌ಗೆ 10 ವರ್ಷ, ತಿಮೋತಿಗೆ 6. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಮಗಳ ಜೊತೆ ತಾವಿದ್ದ ಒಡಿಶಾದ ಬಾರಿಪದ ಊರಿನಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಕ್ಷಮಿಸಿದರು, ಕೋರ್ಟು ತನ್ನ ಕೆಲಸ ಮಾಡಿತು. 2003ರಲ್ಲಿ ಶಿಕ್ಷೆಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಕ್ಷಮೆ ಆಕೆಯ ಮನಸ್ಸಿನದು, ತೀರ್ಪು ನ್ಯಾಯಾಲಯದ್ದು.

ಇದನ್ನು ಹೇಳಿದ್ದು ಗ್ಲಾಡಿಸ್ ಅವರನ್ನು ನಿಮಗೆ ಅಳತೆಗೋಲು ಮಾಡಲು ಅಲ್ಲ, ದಯವಿಟ್ಟು ಹಾಗೆ ತಗೊಳ್ಳಬೇಡಿ. ಅವರಿಗೆ ಕೂಡಲೇ ಬಂದದ್ದು ನಿಮಗೆ ನಾಲ್ಕು ವರ್ಷ ತಗೊಳ್ಳಬಹುದು. ಇವತ್ತಿಗೆ "ಸ್ವಾಮಿ, ನನಗೆ ಅವರನ್ನು ಕ್ಷಮಿಸೋಕೆ ಮನಸ್ಸಿಲ್ಲ, ಮನಸ್ಸು ಬರಲಿ ಅಂತ ಮಾತ್ರ ಕೇಳ್ತೀನಿ" ಅಂತ ಹೇಳುವಷ್ಟು ಸತ್ಯ ಸಾಕು. ಹಿರಿಯರ ವಿಷಯದಲ್ಲೂ ಅಷ್ಟೇ. ಶಕ್ತಿ ಬಂದ ದಿನ ಅವರಿಗೆ "ನಿಮ್ಮ ಮಾತಿನಿಂದ ನನಗೆ ತುಂಬಾ ನೋವಾಯಿತು" ಅಂತ ನೇರವಾಗಿ ಹೇಳಿ. ಎಷ್ಟೋ ಸಲ ಅವರಿಗೆ ಏನು ಹೇಳಿದೆವು ಅನ್ನುವ ನೆನಪೂ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಕೆಂಪು ಸಮುದ್ರ ದಾಟಿ ಮೂರೇ ದಿನಕ್ಕೆ ಇಸ್ರಾಯೇಲ್ಯರಿಗೆ ಸಿಕ್ಕಿದ್ದು ಕಹಿ ನೀರು. ಆ ಜಾಗದ ಹೆಸರೂ ಮಾರಾ. ದೇವರು ಮೋಶೆಗೆ ಒಂದು ಮರ ತೋರಿಸಿದರು, ಅದನ್ನು ಹಾಕಿದಾಗ ನೀರು ಸಿಹಿಯಾಯಿತು. ಮಾರಾದ ನೀರಿಗೆ ಮರ. ಕನ್ನಡದಲ್ಲಿ ಓದುವ ನಮಗೆ ಈ ಎರಡು ಪದ ತುಂಬಾ ಹತ್ತಿರ ಕೇಳಿಸುತ್ತವೆ. ಶಿಲುಬೆಯ ಮರವನ್ನು ನೆನೆಯದೆ ನಾನು ಆ ಅಧ್ಯಾಯ ಓದಿದ್ದೇ ಇಲ್ಲ. ಅಲ್ಲಿಂದ ಮುಂದಿನ ಊರು ಏಲೀಮ್, 12 ಬುಗ್ಗೆ, 70 ಖರ್ಜೂರದ ಮರ. ಆದರೆ ಮಾರಾದಲ್ಲಿ ಬಾಯಾರಿ ನಿಂತವರಿಗೆ ಏಲೀಮ್ ಕಾಣುತ್ತಿರಲಿಲ್ಲ.

ಕೊನೆಗೆ ಮಗ. ಅವನ ಪ್ರಶ್ನೆಗೆ ಉತ್ತರ ಕಟ್ಟಿ ಹೇಳಬೇಡಿ. "ದೇವರಿಗೆ ಅಪ್ಪ ಬೇಕಾಗಿದ್ದರು, ಕರಕೊಂಡರು" ಅಂತ ಅನ್ನಲೇಬೇಡಿ. ಅಪ್ಪನನ್ನು ಕಿತ್ತುಕೊಂಡ ದೇವರನ್ನು ಒಬ್ಬ ಹುಡುಗ ಪ್ರೀತಿಸುವುದು ಹೇಗೆ? "ನನಗೂ ಗೊತ್ತಿಲ್ಲ ಮಗಾ, ನಾನೂ ಅದನ್ನೇ ಕೇಳ್ತಿದ್ದೀನಿ" ಅನ್ನಿ. ಅವನ ಮುಂದೆ ಅತ್ತರೂ ಪರವಾಗಿಲ್ಲ.

ಆಮೇಲೆ ಒಂದು ರಾತ್ರಿ, ಊಟ ಆದ ಮೇಲೆ, ಇಬ್ಬರೂ ಕೂತು ಯೋಹಾನ 11 ಓದಿ. ಲಾಜರನ ಅಕ್ಕತಂಗಿಯರು ಹೇಳಿ ಕಳಿಸಿದರೂ ಯೇಸು ತಡಮಾಡಿ ಬಂದರು. ಮಾರ್ಥ ಎದುರು ಹೋಗಿ, ನೀನಿಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಸ್ವಲ್ಪ ಹೊತ್ತಿಗೆ ಮರಿಯಳೂ ಬಂದು ಅದೇ ಮಾತು ಅಂದಳು. ಆ ಮನೆಯಲ್ಲಿ ನಾಲ್ಕು ದಿನ ಇಬ್ಬರೂ ಇದನ್ನೇ ಮಾತಾಡಿಕೊಂಡಿರಬೇಕು. ನಿಮ್ಮ ಮಗ ಕೇಳುವುದೂ ಇದನ್ನೇ. 35ನೇ ವಚನದಲ್ಲಿ ಯೇಸು ಕಣ್ಣೀರು ಬಿಟ್ಟರು ಅಂತ ಬರುತ್ತದೆ. ಮೊದಲ ರಾತ್ರಿ ಅಲ್ಲಿಗೇ ನಿಲ್ಲಿಸಿ, ಪುಸ್ತಕ ಮುಚ್ಚಿ. ಮುಂದೆ ಏನಾಯಿತು ಅಂತ ಅವನೇ ಕೇಳಿದರೆ ಇನ್ನೊಂದು ದಿನ ಓದಿ. ಕೇಳದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಅವನ ಪಕ್ಕ ಕೂತಿರಿ.